ಸೊಪ್ಪು ಹಾಕು ಎಂಬ ಒಂದೇ ಮಾತು

ಸಾದಲಿ
14-9-1997

ಪ್ರೀತಿಯ ಶಾಂತಕುಮಾರಿಗೆ ಅತ್ತೆಯ ಆಶೀರ್ವಾದ. ಚಿ. ಸೌ. ಎಂದು ಬರೆಯಲು ಹೋದ ಕೈ ನಿಂತಿತು, ಬರೀ ಹೆಸರು ಬರೆದಿದ್ದೇನೆ. ಆರೋಗ್ಯವಾಗಿದ್ದೀಯಾ? ತಲೆನೋವು ಕಡಿಮೆಯಾಯಿತೇ? ಗೌರಿಬಿದನೂರಿನಲ್ಲಿ ನಿಮ್ಮ ಅಮ್ಮ ಬಡಿಸಿದ್ದನ್ನು ಊಟ ಮಾಡು. ನಿಮ್ಮ ಮಾವನವರು ವೇಳೆಗೆ ಸರಿಯಾಗಿ ಉಣ್ಣುತ್ತಾರೆ, ಮಲಗುತ್ತಾರೆ. ನಾನೂ ಅಷ್ಟೆ. ಅಳು ಬರುವುದಿಲ್ಲ. ಊಟಕ್ಕೆ ನಮ್ಮ ಚೆನ್ನರಾಯನ ತಟ್ಟೆಯನ್ನೂ ಇಟ್ಟುಬಿಡುತ್ತೇನೆ, ಆಮೇಲೆ ಎತ್ತಿಡುತ್ತೇನೆ.

ರೇಷ್ಮೆ ಹುಳುವಿನ ಸುದ್ದಿ ಹೇಳಬೇಕು. ಮಗ ಹೋದ ಸೂತಕದಲ್ಲಿ ನಾವು ಹುಳುವಿನ ಮನೆಯೊಳಗೆ ಕಾಲಿಡುವಂತಿರಲಿಲ್ಲವಲ್ಲ, ಪಕ್ಕದ ಮನೆಯ ಅಕ್ಕಯಮ್ಮ ನೋಡಿಕೊಂಡಳು. ಅವಳದು ಹೂವಿನ ವ್ಯಾಪಾರ, ಹುಳು ಸಾಕಿದವಳಲ್ಲ. ಈ ಸಲ ದೊಡ್ಡ ಹುಳು ಒಂದು ತಟ್ಟೆಯಲ್ಲಿ, ಮರಿ ಒಂದು ತಟ್ಟೆಯಲ್ಲಿ ಇದ್ದವು. ನಾನು ಬಾಗಿಲ ಹೊರಗೆ ನಿಂತು ಸೊಪ್ಪು ಹಾಕಮ್ಮ ಎಂದಷ್ಟೇ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹೇಗೆ ಎಂದು ಯಾರಿಗೂ ಹೇಳಿದ್ದಿಲ್ಲ. ಮರಿಗಳಿಗೆ ಎಳೆ ಎಲೆ ಸಣ್ಣಗೆ ಹೆಚ್ಚಿ ಉದುರಿಸಬೇಕು, ಪೊರೆ ಬಿಡಲು ಮಲಗಿದವಕ್ಕೆ ಏನೂ ಹಾಕಬಾರದು. ಅವಳು ಎಲ್ಲಕ್ಕೂ ಇಡೀ ಎಲೆ ಹಾಸಿದಳು. ಮರಿಗಳು ಅದರಡಿಯಲ್ಲೇ ಸತ್ತುಹೋದವು. “ಎಲ್ಲಾ ಹುಳಾನೇ ಅಲ್ವೇನಕ್ಕ, ಹೊಟ್ಟೆ ಒಂದೇ ಅಂದ್ಕೊಂಡೆ” ಎಂದಳು. ಸೂತಕ ಕಳೆದ ಮೇಲೆ ನಾನೇ ಸತ್ತ ಮರಿಗಳನ್ನು ತಿಪ್ಪೆಗೆ ಕೊಡವಿ ಬಂದೆ.

ಆಗ ಚೆನ್ನರಾಯನ ಪಾಠ ನೆನಪಾಯಿತು. ಚಿಕ್ಕಬಳ್ಳಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಹೇಳಬೇಕಾದ್ದನ್ನು ಮೊದಲು ನನ್ನೆದುರು ಹೇಳಿ ನೋಡುತ್ತಿದ್ದನಲ್ಲ. “ಅಮ್ಮಾ, ನೀನು ಸೊಪ್ಪು ಹಾಕು ಅಂತೀಯ, ಅಷ್ಟೇ. ಹೆಂಗೆ ಹಾಕ್ಬೇಕು ಅನ್ನೋದನ್ನ ತಟ್ಟೇಲಿರೋ ಹುಳ ಹೇಳುತ್ತೆ. ಪ್ರೋಗ್ರಾಮಲ್ಲೂ ಹಂಗೇ ಕಣಮ್ಮ. ಕರೆಯೋದು ಒಂದೇ ಹೆಸರು, ಎದುರಿಗಿರೋದು ತನ್ನ ಥರ ಮಾಡುತ್ತೆ. ಹುಳ ಅಂತ ಮೊದಲು ಒಂದು ಕ್ಲಾಸು, ಅಂದ್ರೆ ಅಚ್ಚು, ಬರೀತೀವಿ, ಅದರಿಂದ ಮರಿ, ದೊಡ್ಡದು ಎಲ್ಲಾ ಬರ್ತವೆ. ಆ ಮೊದಲನೇದ್ರಲ್ಲಿ ವರ್ಚುವಲ್ ಅನ್ನೋ ಮಾತು, ಅಂದ್ರೆ ಅವವು ತಮ್ಮ ಥರ ಮಾಡ್ಲಿ ಅನ್ನೋ ಗುರುತು, ಮರೆತ್ರೆ, ತಟ್ಟೇಲಿ ಮರಿ ಇದ್ರೂ ಮೊದಲನೇದ್ರ ಥರಾನೇ ನಡೆಯುತ್ತೆ.” ನೀನು ಸೊಪ್ಪು ಹೆಚ್ಚುತ್ತಾ, “ಹಂಗಾದ್ರೆ ನಿಮ್ ಕಂಪ್ಯೂಟ್ರು ಹುಳ ಸಾಕಕ್ಕೆ ಲಾಯಕ್ಕಿಲ್ಲ ಬಿಡಿ” ಎಂದೆ. ಅವನು ನಕ್ಕಿದ್ದ.

ಸೆಂಟರಿನವರು ಬಂದಿದ್ದರು. ಅದೇ ಕೋರ್ಸು ಓದಿದವಳು ನೀನು, ಅವನ ಹತ್ತಿರ ಕಲಿಯುತ್ತಿದ್ದ ಹುಡುಗರಿಗೆ ಉಳಿದ ಪಾಠ ನೀನೇ ಹೇಳಬೇಕು ಎಂದು ಅವರು ಕಾಗದ ಹಾಕಿ ಕೇಳಿದರೆ “ಅವರ ಥರ ನನಗೆ ಬರಲ್ಲ” ಎಂದು ಬರೆದೆಯಂತೆ. ಸೊಸೆ ಮನೆಗೆ ಬಂದು, ಇಲ್ಲಿಂದಲೇ ಹೋಗಿ ಬಂದು ಮಾಡಲಿ ಎನ್ನುತ್ತಾರೆ ಮಾವನವರು. ಮಗನಿದ್ದ ಹಾಗೇ ಇರುತ್ತದೆ ಎನ್ನುತ್ತಾರೆ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ತಣ್ಣಗಿರು ತಾಯಿ.

ನಿನ್ನ ಅತ್ತೆ,
ಲಕ್ಷ್ಮಿದೇವಮ್ಮ

ತಾ.ಕ.: ಟಪಾಲಿನ ನಲ್ಲಪ್ಪ ಬಾಗಿಲಲ್ಲಿ ಕಾಯುತ್ತಿದ್ದಾನೆ. ಆ ಹುಡುಗರು ಈಗ ಕರೆಯುತ್ತಿರುವುದು ನಿನ್ನನ್ನು. ಅವನ ಥರ ಹೇಳಬೇಡ, ನಿನ್ನ ಥರ ಹೇಳು. ಗೌರಿಬಿದನೂರಿನಿಂದಲೂ ಚಿಕ್ಕಬಳ್ಳಾಪುರಕ್ಕೆ ಬಸ್ಸಿದೆ, ಅದಕ್ಕಾಗಿ ಈ ಮನೆಗೆ ಬರಬೇಕೆಂದಿಲ್ಲ. ಮಾವನವರಿಗೆ ನಾನು ಹೇಳಿಕೊಳ್ಳುತ್ತೇನೆ.