ನೀಲಿ ಡಬ್ಬದ ಚಮಚ

ಗುರುವಾರ, ರಾತ್ರಿ ಒಂದೂವರೆ

ಅಕ್ಕಾ,

ಕಾರ್ಖಾನೆ ಗೇಟಲ್ಲಿ ಫೋನ್ ಕೊಟ್ಟು ರಾತ್ರಿ ಪಾಳಿಗೆ ಒಳಗೆ ಹೋಗಿರ್ತೀಯ, ಇನ್ನು ನೋಡೋದು ಊಟದ ಬಿಡುವಿನಲ್ಲೇ ಅಂತ ಗೊತ್ತು. ನೋಡಿದ ತಕ್ಷಣ ರಜೆ ಹಾಕಿ ಮನೆಗೆ ಹೋಗು. ಗುಂಡನ ಮಂಚದ ಕೆಳಗೆ ಒಂದು ನೀಲಿ ಡಬ್ಬ ಇದೆ, ಅದನ್ನ ಎತ್ತಿಡು. ಬೆಳಿಗ್ಗೆ ಆರಕ್ಕೆ ಅವನಿಗೆ ಅಗ್ನಿಶಾಮಕ ದಳದ ಓಟದ ಪರೀಕ್ಷೆ. ಅರ್ಧ ಗಂಟೆ ಮುಂಚೆ ಆ ಪುಡಿ ಕಲಸಿ ಕುಡೀತಾನೆ. ಈಗ ಫೋನ್ ಆಫ್ ಮಾಡಿ ಮಲಗಿದಾನೆ ನಿನ್ನ ಪುಣ್ಯಾತ್ಮ ಮಗ. ಬಾವನಿಗೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ. ಬಸ್ ಓಡಿಸುವಾಗ ಅವರು ಎತ್ತಲ್ಲ ಅಲ್ವಾ.

ನಾನು ಬಾಯಲ್ಲಿ ಹೇಳ್ತಿದೀನಿ, ಫೋನೇ ಬರ್ಕೊಳ್ತಿದೆ. ಟೈಪ್ ಮಾಡೋಕೆ ಆಗ್ತಿಲ್ಲ.

ಪ್ರೋಟೀನ್ ಪುಡಿ, ಎಲ್ಲರೂ ತಗೋತಾರೆ ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ಇದು ವ್ಯಾಯಾಮಕ್ಕೆ ಮುಂಚೆ ಮೈ ಬಿಸಿ ಮಾಡೋ ಪುಡಿ. ಜಿಮ್ಮಿನವನು ಕೌಂಟರಿನ ಕೆಳಗಿಂದ ತೆಗೆದುಕೊಟ್ಟ. ಮೇಲೆ ಯಾಕೆ ಇಟ್ಟಿಲ್ಲ ಅಂದ್ರೆ, ಮೇಲಿಟ್ರೆ ನಾನು ಒಳಗೆ ಹೋಗ್ತೀನಪ್ಪ ಅಂತ ನಕ್ಕ. ನಾನೂ ನಕ್ಕೆ. ಮಾರೋದು ನಿಷೇಧ ಅಂತ ಅವತ್ತೇ ಗೊತ್ತಿತ್ತು ಅಕ್ಕಾ. ಲೇಬಲ್ಲಿನಲ್ಲಿ ಹೂಗಿಡದ ಸಾರ ಅಂತಿತ್ತು. ಹೂವು ತಾನೇ, ಏನು ಮಾಡತ್ತೆ ಅಂದ್ಕೊಂಡೆ.

ಪಾರ್ಸೆಲ್ ತಪಾಸಣೆಯಲ್ಲಿ ಸಿಗಬಾರದಲ್ಲ. ದಿನವಿಡೀ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟೋನಿಗೆ ಅದೇನು ಮಹಾ ಕೆಲಸ? ಹಳೇ ಪ್ರೋಟೀನ್ ಡಬ್ಬಕ್ಕೆ ಸುರಿದು, ಮುಚ್ಚಳಕ್ಕೆ ಟೇಪ್ ಸುತ್ತಿ ಕಳಿಸಿದೆ. ಒಂದು ಚಮಚ ಹಾಕ್ಕೋ ಅಂತ ಗುಂಡನಿಗೆ ಹೇಳಿದೆ. ಯಾವ ಚಮಚ ಅಂತ ಅವನು ಕೇಳಲಿಲ್ಲ. ಪುಡಿಯ ಜೊತೆ ಬಂದಿದ್ದು ಬೆರಳ ತುದಿಯಷ್ಟು. ನೀಲಿ ಡಬ್ಬದೊಳಗೆ ಮೊದಲಿಂದ ಬಿದ್ದಿದ್ದು ಪ್ರೋಟೀನಿನದು, ಅದರ ಆರು ಪಟ್ಟು. ಇವತ್ತಿನ ತನಕ ಅವನು ಡಬ್ಬ ತೆಗೆದಿಲ್ಲ, ಪರೀಕ್ಷೆ ದಿನಕ್ಕೆ ಇರಲಿ ಅಂತ ಇಟ್ಟಿದಾನೆ.

ಚಿಕ್ಕ ಚಮಚ ಸಂಜೆ ನನ್ನ ಜಾಕೆಟ್ಟಿನಲ್ಲಿ ಸಿಕ್ತು. ಸಿಕ್ಕಿದ್ದು ನರ್ಸಿಗೆ.

ನನಗೇನೂ ಆಗಿಲ್ಲ. ಪೆಟ್ಟಿಗೆ ಎತ್ತುವಾಗ ಎದೆ ಡವಡವ ಅಂತು, ಕಣ್ಣು ಕತ್ತಲೆ ಬಂತು, ಬಿದ್ದೆ ಅಷ್ಟೇ. ಎದೆಗೆ ಅಂಟಿಸಿರೋ ತಂತಿ ತುರಿಕೆ, ಬೇರೇನಿಲ್ಲ. ಎರಡು ಲೋಟ ಕಾಫಿ ಮೇಲೆ, ನನಗೆ ಅಂತ ಉಳಿಸಿಕೊಂಡಿದ್ದ ಅದೇ ಪುಡಿಯನ್ನ ಚಿಕ್ಕ ಚಮಚದಲ್ಲಿ ಒಂದೇ ಒಂದು ಹಾಕ್ಕೊಂಡಿದ್ದೆ. ಡಾಕ್ಟರಮ್ಮ, ಏನಪ್ಪ, ಹೃದಯಕ್ಕೂ ಓವರ್‌ಟೈಮ್ ಹಾಕಿಸಿದೀಯಾ ಅಂದ್ರು. ಆಮೇಲೆ ನಗದೆ ಹೇಳಿದ್ರು: ಇದು ರಕ್ತನಾಳ ಬಿಗಿಸತ್ತೆ, ಬಿಪಿ ಏರಿಸತ್ತೆ, ಹೃದಯದ ತಾಳ ತಪ್ಪಿಸತ್ತೆ, ಓಡ್ತಾ ಓಡ್ತಾ ಪ್ರಾಣ ಹೋದವರಿದಾರೆ. ಬೇರೆ ಯಾರಿಗಾದ್ರೂ ಕೊಟ್ಟಿದೀಯಾ ಅಂತ ಕೇಳಿದ್ರು. ಇಲ್ಲ ಅಂದುಬಿಟ್ಟೆ.

ಗುಂಡ ರೇಗಾಡ್ತಾನೆ. ನೌಕರಿ ಹೋದ್ರೆ ನಿಮ್ಮಿಂದಲೇ ಅಂತಾನೆ. ಅನ್ನಲಿ. ನನ್ನ ಹೆಸರು ಹೇಳು.

ನಿನ್ನ ಕೈಯಲ್ಲಿ ಬೈಸ್ಕೊಳ್ಳೋಕೆ ಕಾಯ್ತಿರೋ,
ನಿನ್ನ ತಲೆಹರಟೆ ತಮ್ಮ

ಮರೆತಿದ್ದಲ್ಲ, ಹೇಳೋಕೆ ಧೈರ್ಯ ಬರಲಿಲ್ಲ: ಡಬ್ಬದಲ್ಲಿ ಅರ್ಧವೇ ಇರತ್ತೆ. ಉಳಿದರ್ಧ ಹೋದ ವಾರದಿಂದ ಬಾವನ ಹತ್ರ ಇದೆ. ರಾತ್ರಿ ಬಸ್ಸಲ್ಲಿ ಕಣ್ಣು ಎಳೆಯತ್ತೆ, ನಿಮ್ಮಕ್ಕನಿಗೆ ಹೇಳಬೇಡ ಅಂದಿದ್ರು. ಬಿಪಿ ಮಾತ್ರೆ ತಗೋತಾರೆ ಅಂತ ಗೊತ್ತಿದ್ದೂ, ಗುಂಡನಿಗೆ ಗೊತ್ತಾಗದ ಹಾಗೆ ಅವನ ಡಬ್ಬದಿಂದಲೇ ಅರ್ಧ ತಗೊಳ್ಳಿ ಅಂದೆ. ಡಿಪೋ ನಂಬರ್ ನನ್ನ ಹತ್ರ ಇಲ್ಲ. ಮನೆಗೆ ಹೊರಡೋ ಮುಂಚೆ ನೀನು ಅಲ್ಲಿಗೆ ಮಾಡು, ಬಸ್ಸು ಎಲ್ಲಿದ್ರೂ ನಿಲ್ಲಿಸೋಕೆ ಹೇಳು. ಈಗ ಐದನೇ ಸಲ ಮಾಡಿದೆ. ರಿಂಗ್ ಆಗ್ತಾನೇ ಇದೆ.