ಅಪ್ಪಣೆಯಿಲ್ಲದೆ ಬಿಚ್ಚಿದ ಮಗ್ಗ

ತಮ್ಮಾ,

ನೀನು ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಮ್ಮ ಮಿಲ್ಲಿಗೆ ಪರದೇಶದಿಂದ ಹೊಸ ಮಗ್ಗ ಬಂತು. ಹಳಬ ಅಂತ ನನ್ನನ್ನೂ ಕರೆದಿದ್ದರು. ಮುಚ್ಚಳ ತೆಗೆದಾಗ ನೋಡುತ್ತೇನೆ, ನೂಲು ಕಡಿಯದಿರಲಿ ಅಂತ ನೀನು ಹಳೆಯ ಮಗ್ಗಕ್ಕೆ ಕೂರಿಸಿದ್ದ ಅದೇ ಸ್ಪ್ರಿಂಗು, ಅದೇ ಜಾಗದಲ್ಲಿ! ಅಪ್ಪಣೆಯಿಲ್ಲದೆ ಮಗ್ಗ ಬಿಚ್ಚಿದೆ ಅಂತ ನಿನ್ನನ್ನು ಹೊರಗೆ ಹಾಕಿದ ಧಣಿಗಳೇ ಈಗ ದುಡ್ಡು ಸುರಿದು ಅದನ್ನು ತಂದಿದ್ದಾರೆ.

"ಆ ದೇಶ ಸುಮ್ಮನೆ ಉದ್ಧಾರವಾಯಿತಾ? ನಮ್ಮವರಿಗೆ ತಲೆಯೇ ಇಲ್ಲ," ಅಂದ ಹೊಸ ಮ್ಯಾನೇಜರು.

"ತಲೆ ಇತ್ತು ಸ್ವಾಮಿ. ಇದನ್ನ ನನ್ನ ತಮ್ಮ ಇಪ್ಪತ್ತು ವರ್ಷದ ಹಿಂದೆಯೇ ಇಲ್ಲೇ ಮಾಡಿದ್ದ. ಅದಕ್ಕೇ ಅವನನ್ನ ಕೆಲಸದಿಂದ ತೆಗೆದರು. ಅಲ್ಲಿ ಕೆಲಸದವನು ಮಗ್ಗ ಬಿಚ್ಚಿ ನೋಡಬಹುದು. ಇಲ್ಲಿ ಸ್ಕ್ರೂ ಮುಟ್ಟೋಕೂ ಅರ್ಜಿ ಹಾಕಬೇಕು. ಜನರ ಕೈ ಕಟ್ಟಿಹಾಕಿ ಐಶ್ವರ್ಯ ಬಾ ಅಂದರೆ ಎಲ್ಲಿಂದ ಬರುತ್ತೆ?"

ಅವನು ನಕ್ಕ. "ಏನಜ್ಜ, ರಿಟೈರಾದ ಮೇಲೆ ಬಾಯಿ ಬಂತಾ? ಆಗಿನ ಮೇಸ್ತ್ರಿ ಅವನ ಪರ ಒಂದು ಮಾತು ಆಡಬಾರದಿತ್ತಾ?"

ನಿನ್ನ ಸ್ಪ್ರಿಂಗು ಕಿತ್ತು ಆಫೀಸಿಗೆ ಒಯ್ದುಕೊಟ್ಟ ಆ ಮೇಸ್ತ್ರಿ ಯಾರು ಅಂತ ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ಆದರೂ ಕೊನೇತನಕ ನನ್ನನ್ನು ಅಣ್ಣಾ ಅಂತಲೇ ಕರೆದೆ.