ಹೊಸೆಯುತ್ತಲೇ ಇರುವ ಸಂಖ್ಯೆಗಳಿಗೆ ಸೊನ್ನೆ ಹಾಕಿದವರಿಗೆ

ಪರೀಕ್ಷಾ ಮಂಡಳಿಯ ಮುಖ್ಯಸ್ಥರೇ,

ನಿಮ್ಮ ಗಣಿತ ಪತ್ರಿಕೆಯ ಹತ್ತೊಂಬತ್ತನೆಯ ಪ್ರಶ್ನೆಗೆ ನನ್ನ ಅಕ್ಕನ ಮಗಳು ಬರೆದ ಉತ್ತರಕ್ಕೆ ಸೊನ್ನೆ ಬಿದ್ದಿದೆ. ಎರಡು ಅಂಕದ ಪ್ರಶ್ನೆ. ಗಣಿತ ಓದಲು ಕಾಲೇಜಿನಲ್ಲಿ ಅವಳಿಗೆ ಸೀಟು ತಪ್ಪಿರುವುದೂ ಎರಡೇ ಅಂಕಕ್ಕೆ. ಪ್ರವೇಶಕ್ಕೆ ಶನಿವಾರ ಕೊನೆಯ ದಿನ. ನಾನು ಏಳನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಕಾಗುಣಿತ ತಪ್ಪಿದ್ದರೆ ದಯವಿಟ್ಟು ಆ ಸಿಟ್ಟನ್ನೂ ಅವಳ ಮೇಲೆ ತೀರಿಸಿಕೊಳ್ಳಬೇಡಿ.

ಪ್ರಶ್ನೆ ಹೀಗಿತ್ತು: "ಎಲ್ಲ ಸ್ವಾಭಾವಿಕ ಸಂಖ್ಯೆಗಳನ್ನೂ ಒಳಗೊಂಡ ಗಣವೊಂದಿದೆ. ಸರಿಯೋ, ತಪ್ಪೋ? ಕಾರಣ ಕೊಡಿ." ಒಂದು, ಎರಡು, ಮೂರು ಎಂದು ಎಣಿಸುತ್ತೇವಲ್ಲ, ಅವೆಲ್ಲ ಒಂದೂ ಬಿಡದಂತೆ ಒಂದೇ ಚೀಲದಲ್ಲಿ ಕೂತಿವೆಯೇ ಎಂದು ಕೇಳಿದ್ದೀರಿ. ಅವಳು ಬರೆದಳು: "ತಪ್ಪು. ಎಲ್ಲಿಗೆ ನಿಲ್ಲಿಸಿದರೂ ಇನ್ನೊಂದು ಸೇರಿಸಬಹುದು. ಹೊಸೆತ ನಡೆಯುತ್ತಲೇ ಇರುತ್ತದೆ, ಹಗ್ಗ ಆಗುವುದಿಲ್ಲ."

ಆ ಮಾತು ನನ್ನದು. ಹಗ್ಗದ ಕಾರ್ಖಾನೆಯಲ್ಲಿ ನನಗೆ ಇಪ್ಪತ್ತೆರಡು ವರ್ಷವಾಯಿತು. ತುದಿಗೆ ದಾರ ಬಿಗಿದು ಕತ್ತರಿಸುವವರೆಗೆ ಯಂತ್ರದ ಮೇಲಿರುವುದನ್ನು ನಾವು ಹಗ್ಗ ಎನ್ನುವುದಿಲ್ಲ, ಹೊಸೆತ ಎನ್ನುತ್ತೇವೆ. "ಇಷ್ಟುದ್ದ ಇದೆಯಲ್ಲ ಚಿಕ್ಕಮ್ಮಾ, ಇನ್ನೂ ಹಗ್ಗ ಅಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು. "ತುದಿ ತೋರ್ಸು, ಆಮೇಲೆ ಹಗ್ಗ ಅನ್ನು" ಎಂದಿದ್ದೆ. ಯಾಕಾದರೂ ಅಂದೆನೋ!

ಅವಳ ಮೇಷ್ಟ್ರು ಹೇಳುವಂತೆ ಇದು ಎರಡು ಸಾವಿರ ವರ್ಷದ ಜಗಳ. ಅನಂತವೆಂದರೆ ಬೆಳೆಯುತ್ತಲೇ ಹೋಗುವುದು ಮಾತ್ರ ಎನ್ನುವವರು ಒಂದು ಕಡೆ. ಅಲ್ಲ, ಅದು ಈಗಲೇ ಇಡಿಯಾಗಿ ಇದೆ ಎನ್ನುವವರು ಇನ್ನೊಂದು ಕಡೆ. ಈಗ ಹೆಚ್ಚಿನವರು ಎರಡನೆಯ ಕಡೆಗೆ, ಅಂದರೆ ನಿಮ್ಮ ಪುಸ್ತಕದ ಕಡೆಗೇ ಇದ್ದಾರಂತೆ, ಮುಚ್ಚಿಡುವುದಿಲ್ಲ. ಆದರೆ ಮೊದಲನೆಯ ಕಡೆಯವರೇನು ದಡ್ಡರೇ? ಆ ವಿದ್ವಾಂಸರು ನಿಮ್ಮ ಪರೀಕ್ಷೆಗೆ ಕೂತಿದ್ದರೆ ಇವತ್ತು ಎಲ್ಲಿರುತ್ತಿದ್ದರು? ನನ್ನ ಪಕ್ಕದ ಯಂತ್ರದಲ್ಲೇ?

ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಹೇಳಿದರು, "ಪುಸ್ತಕದಲ್ಲಿ ಇದೆ ಅಂತಿದೆ, ಇದೆ, ಅಷ್ಟೇ ಕಣಮ್ಮ."

"ಎಲ್ಲಾ ಸಂಖ್ಯೆನೂ ಒಳಗೆ ಬಂದ್ವಾ ಸಾರ್?"

"ಬಂದ್ವು."

"ಕೊನೇದು ಯಾವಾಗ ಬಂತು?"

"ಕೊನೇದು ಅನ್ನೋದೇ ಇಲ್ಲಮ್ಮ, ಅದಕ್ಕೇ ಅನಂತ ಅನ್ನೋದು!"

"ಕೊನೇದೇ ಇಲ್ದೆ ಎಲ್ಲಾ ಬಂದ್ವು ಅಂತ ಬಾಗಿಲು ಹೆಂಗೆ ಹಾಕಿದ್ರಿ?"

ಸಾಲಿನಲ್ಲಿ ಹಿಂದೆ ನಿಂತವರು ನಕ್ಕುಬಿಟ್ಟರು. ಬಾಗಿಲಿನ ವಿಷಯ ನನಗೆ ತಿಳಿಯಲಿಲ್ಲ. ಕಿಟಕಿಯನ್ನಂತೂ ಅವರು ಚೆನ್ನಾಗಿ ಹಾಕಿದರು. ನಾನು ಜಾಸ್ತಿ ಮಾತಾಡಿ ಕೆಲಸ ಕೆಡಿಸಿದೆನೇನೋ ಎಂದು ಅವತ್ತಿನಿಂದ ಊಟ ಸೇರುತ್ತಿಲ್ಲ.

ಕಾರಣ ಕೊಡಿ ಎಂದವರು ನೀವು. ಹದಿನೇಳರ ಹುಡುಗಿ ಕೊಟ್ಟಳು. ನಿಮ್ಮ ಸೊನ್ನೆಗೆ ಕಾರಣವೆಲ್ಲಿ? ಮರುಮೌಲ್ಯಮಾಪನದ ಚೀಟಿಯಲ್ಲಿ "ಬದಲಾವಣೆ ಇಲ್ಲ" ಎಂಬ ಎರಡೇ ಪದ. ಪದಕ್ಕೊಂದು ಅಂಕವೇ?

ನಿನ್ನೆ ಅವಳು ನನಗೆ ಹೇಳದೆ ನಮ್ಮ ಕಾರ್ಖಾನೆಯ ಮೇಸ್ತ್ರಿಯ ಹತ್ತಿರ ಕೆಲಸ ಕೇಳಿದ್ದಾಳೆ. ಬೈದೆ. "ಪುಸ್ತಕದ ಉತ್ತರ ನಂಗೂ ಗೊತ್ತಿತ್ತು ಚಿಕ್ಕಮ್ಮಾ," ಎಂದಳು. "ಆದ್ರೆ ನಂಗೆ ಅನ್ಸಿದ್ದಕ್ಕೆ ಅಲ್ವಾ ಕಾರಣ ಕೊಡೋಕಾಗೋದು?"

ನನ್ನ ಬೇಡಿಕೆ ಇಷ್ಟೇ. ಶುಕ್ರವಾರದೊಳಗೆ ಗಣಿತ ಬಲ್ಲ ಒಬ್ಬರ ಮುಂದೆ ಅವಳನ್ನು ಕೂರಿಸಿ, ಅವಳ ಮಾತು ಕೇಳಿ. ಆಮೇಲೂ ಸೊನ್ನೆಯೇ ಎಂದಾದರೆ ಪಕ್ಕದಲ್ಲಿ ಕಾರಣ ಬರೆದು ಕೊಡಿ. ಅದನ್ನು ಓದಿ ಅವಳು ಒಪ್ಪಿದರೆ, ಯಂತ್ರದ ಮುಂದೆ ನಾನೇ ಸರಿದು ಅವಳಿಗೆ ಜಾಗ ಬಿಡುತ್ತೇನೆ.

ಇಂತಿ,
ತಪ್ಪು ಉತ್ತರ ಹೇಳಿಕೊಟ್ಟ ಚಿಕ್ಕಮ್ಮ